ವ್ಯಸನ: ಒಂದು ಶಬ್ದ, ಎರಡು ಅರ್ಥ – ಮುರಗೋಡ ಸೀಮೆಯ ಗಂಡಸರ ದುಃಖ, ಚಟ ಮತ್ತು ಬಿಡುಗಡೆಯ ಚಾರಿತ್ರಿಕ ಅವಲೋಕನ

ಪೀಠಿಕೆ

ಕನ್ನಡದಲ್ಲಿ ‘ವ್ಯಸನ’ ಎಂಬ ಶಬ್ದವು ಎರಡು ಅರ್ಥಗಳಲ್ಲಿ ಬಳಕೆಯಲ್ಲಿದೆ. ಮೊದಲನೆಯದು ದುಃಖ, ಚಿಂತೆ, ಮನೋವೇದನೆ. ‘ವ್ಯಸನಪಡು’ ಎಂದರೆ ದುಃಖಿಸು ಎಂದೇ ಅರ್ಥ. ಎರಡನೆಯದು ಬಿಡಲಾಗದ ದುರಭ್ಯಾಸ. ಆಡುಮಾತಿನಲ್ಲಿ ಇದನ್ನೇ ‘ಚಟ’ ಎನ್ನುತ್ತೇವೆ. ಸಂಸ್ಕೃತದಲ್ಲಿಯೂ ಈ ಶಬ್ದಕ್ಕೆ ಆಪತ್ತು, ಪತನ, ದುಶ್ಚಟ ಎಂಬ ಅರ್ಥಗಳು ಒಟ್ಟಿಗೇ ಇವೆ. ಕೌಟಿಲ್ಯನ ಅರ್ಥಶಾಸ್ತ್ರದ ಎಂಟನೆಯ ಅಧಿಕರಣವು ರಾಜ್ಯಕ್ಕೆ ಒದಗುವ ವ್ಯಸನಗಳನ್ನು ಕುರಿತದ್ದು. ಅದರಲ್ಲಿ ಪುರುಷವ್ಯಸನಗಳಿಗಾಗಿಯೇ ಒಂದು ಅಧ್ಯಾಯ ಮೀಸಲಾಗಿದೆ. ಕೋಪದಿಂದ ಹುಟ್ಟುವವು ಮೂರು, ಕಾಮದಿಂದ ಹುಟ್ಟುವವು ನಾಲ್ಕು ಎಂದು ವಿಂಗಡಿಸಿ, ಬೇಟೆ ಮತ್ತು ಜೂಜುಗಳ ಜೊತೆಗೆ ಪಾನವನ್ನೂ ಅಲ್ಲಿ ಚರ್ಚಿಸಲಾಗಿದೆ. ಮನುಷ್ಯನ ಮನಸ್ಸಿನಲ್ಲಿ ಏಳುವ ಕ್ಷೋಭೆಯೇ ಚಟಕ್ಕೆ ತಾಯಿಬೇರು ಎಂಬ ತಿಳಿವಳಿಕೆ ಆ ವಿಂಗಡಣೆಯಲ್ಲಿದೆ.

ಭಾಷೆಯು ಹೀಗೆ ಒಂದೇ ಶಬ್ದದಲ್ಲಿ ಕೂಡಿಸಿಟ್ಟಿದ್ದನ್ನು ಕಳೆದ ಒಂದೂವರೆ ಶತಮಾನದ ಆಡಳಿತವು ಎರಡಾಗಿ ಒಡೆಯಿತು. ಚಟವು ಅಬಕಾರಿ ಖಾತೆಗೂ ಪೊಲೀಸರಿಗೂ ಸೇರಿತು. ದುಃಖವು ಹುಚ್ಚಾಸ್ಪತ್ರೆಯ ಗೋಡೆಯೊಳಕ್ಕೆ ಸೇರಿತು. ಕುಡಿಯುವ ಗಂಡಸಿನ ದುಃಖವನ್ನು ಕೇಳುವ ಹೊಣೆ ಯಾರದ್ದೂ ಆಗಲಿಲ್ಲ. ಈ ಒಡಕು ಹೇಗಾಯಿತು, ಅದನ್ನು ಮತ್ತೆ ಕೂಡಿಸುವ ಪ್ರಯತ್ನಗಳು ಎಲ್ಲಿ ನಡೆದವು ಎಂಬುದನ್ನು ಬೆಳಗಾವಿ ಜಿಲ್ಲೆಯ ಮುರಗೋಡ ಸೀಮೆಯನ್ನು ಕೇಂದ್ರವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಲ್ಲಿ ಸೀಮೆ ಎಂದಾಗ ಮುರಗೋಡದ ಜೊತೆಗೆ ಸುತ್ತಲಿನ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹಳ್ಳಿಗಳೂ ಸೇರುತ್ತವೆ. ಈ ಸೀಮೆಯು ನನ್ನ ತಾಯಿಯ ತವರು. ಆದ್ದರಿಂದ ದಾಖಲೆಗಳ ಜೊತೆಗೆ ಬಾಲ್ಯದಿಂದ ಕಂಡದ್ದೂ ಕೇಳಿದ್ದೂ ಈ ಬರಹದಲ್ಲಿ ಸೇರಿಕೊಂಡಿವೆ.

ಸೀಮೆಯ ಸ್ವರೂಪ ಮತ್ತು ಗಂಡಸರ ಕೂಟಗಳು

ಮುರಗೋಡವು ಹಳೆಯ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿ ಪರಸಗಡ ತಾಲ್ಲೂಕಿಗೆ ಸೇರಿದ್ದ ಊರು. 18ನೆಯ ಶತಮಾನದ ಉತ್ತರಾರ್ಧದಲ್ಲಿದ್ದ ಚಿದಂಬರ ದೀಕ್ಷಿತರ ಹೆಸರಿನಿಂದಲೂ, ಮುಂದೆ ಮಹಾಂತ ಶಿವಯೋಗಿಗಳ ಹೆಸರಿನಿಂದಲೂ ಈ ಊರು ನಾಡಿಗೆ ಪರಿಚಿತವಾಯಿತು. ಸುತ್ತಲಿನದು ಎರೆಹೊಲದ ನಾಡು. ಜೋಳ, ಹತ್ತಿ, ಕಡಲೆ, ಗೋದಿ ಇಲ್ಲಿನ ಬೆಳೆಗಳು. ಮಳೆ ಹೋದರೆ ಬೆಳೆ ಹೋಯಿತು, ಬೆಳೆ ಹೋದರೆ ಮನೆಯ ಗಂಡಸಿನ ಮರ್ಯಾದೆ ಹೋಯಿತು ಎಂಬ ಲೆಕ್ಕ ಇಲ್ಲಿಯದು. 1876–78ರ ಮಹಾಕ್ಷಾಮದಲ್ಲಿ ತೀವ್ರವಾಗಿ ನೊಂದ ಪ್ರದೇಶಗಳಲ್ಲಿ ಬೆಳಗಾವಿ ಜಿಲ್ಲೆಯ ಪೂರ್ವಭಾಗವೂ ಸೇರಿತ್ತು.

ಇಂಥ ನಾಡಿನಲ್ಲಿ ದುಃಖವನ್ನು ಹೇಳಿಕೊಳ್ಳುವ ದಾರಿ ಹೆಂಗಸರಿಗೊಂದು, ಗಂಡಸರಿಗೊಂದು ಇದ್ದಿತು. ಬೀಸುವ ಪದ, ಕುಟ್ಟುವ ಪದ, ಸೋಬಾನೆಗಳಲ್ಲಿ ಹೆಂಗಸು ತನ್ನ ತವರನ್ನೂ ಅತ್ತೆಮನೆಯನ್ನೂ ಹೆಸರಿಟ್ಟು ಹಾಡಿಕೊಂಡಳು. ಕುಡುಕ ಗಂಡನನ್ನು ನೇರವಾಗಿ ದೂರುವ ಹಾಡುಗಳೂ ಆ ಸಂಗ್ರಹಗಳಲ್ಲಿ ಸಿಗುತ್ತವೆ. ಗಂಡಸಿಗೆ ಅಂಥ ನೇರ ಮಾತು ಸಲ್ಲುತ್ತಿರಲಿಲ್ಲ. ‘ಗಂಡಸಾಗಿ ಅಳತೀ ಏನು?’ ಎಂಬ ಗದರಿಕೆಯನ್ನು ಇಲ್ಲಿ ಬೆಳೆದ ಪ್ರತಿಯೊಬ್ಬ ಹುಡುಗನೂ ಕೇಳಿದ್ದಾನೆ. ಆದರೆ ಅವನಿಗೂ ಕೂಟಗಳಿದ್ದವು. ಸುಗ್ಗಿಯ ಕಾಲದಲ್ಲಿ ಕಣದೊಳಗೆ ಎತ್ತು ಕಟ್ಟಿ ಹಂತಿ ಹೊಡೆಯುವಾಗ ಗಂಡಸರು ರಾತ್ರಿಯಿಡೀ ಹಂತಿಯ ಪದ ಹಾಡುತ್ತಿದ್ದರು. ಗುಡಿಯಲ್ಲಿ ಏಕತಾರಿ, ದಮ್ಮಡಿ, ತಾಳಗಳೊಡನೆ ಭಜನೆ ನಡೆಯುತ್ತಿತ್ತು. ಗರಡಿಮನೆಯಲ್ಲಿ ಸಾಮು ಮಾಡುವ ಹುಡುಗರಿಗೆ ಹನುಮಂತದೇವರ ಹೆಸರಿನಲ್ಲಿ ಚಟಗಳಿಂದ ದೂರವಿರುವ ಕಟ್ಟುಪಾಡಿದ್ದಿತು. ಡೊಳ್ಳಿನ ಪದ, ಗೀಗೀ ಪದ, ಸಣ್ಣಾಟಗಳು ಇವುಗಳ ಜೊತೆಗಿದ್ದವು. ಇವೆಲ್ಲ ಮನರಂಜನೆಯ ಪ್ರಕಾರಗಳೆಂದು ನಮ್ಮ ಜಾನಪದ ಅಧ್ಯಯನಗಳು ವರ್ಗೀಕರಿಸಿವೆ. ದುಡಿದು ಬಂದ ಗಂಡಸಿನ ಸಂಜೆಯನ್ನು ತುಂಬುವ, ಅವನು ಒಬ್ಬಂಟಿಯಾಗದಂತೆ ಕಾಯುವ ಸಾಮಾಜಿಕ ವ್ಯವಸ್ಥೆಯಾಗಿಯೂ ಇವು ಕೆಲಸ ಮಾಡಿದವು ಎಂಬ ಅಂಶವು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಗಂಡಸಿನ ಮನೋವೇದನೆಯನ್ನು ರಂಗದ ಮೇಲೆ ತಂದ ಕೃತಿಯೊಂದು ಇದೇ ಸೀಮೆಯಲ್ಲಿ ಹುಟ್ಟಿತು. ಬೈಲಹೊಂಗಲದಲ್ಲಿ ನಡೆದ ಘಟನೆಯನ್ನು ಆಧರಿಸಿದ ‘ಸಂಗ್ಯಾ ಬಾಳ್ಯಾ’ ಸಣ್ಣಾಟವು ಉತ್ತರ ಕರ್ನಾಟಕದಲ್ಲೆಲ್ಲ ಪ್ರಸಿದ್ಧವಾಗಿದೆ. ಪರಸ್ತ್ರೀಯಾದ ಗಂಗೆಯನ್ನು ಕಂಡು ಮನಸೋತ ಸಂಗ್ಯಾ ಆ ಹಂಬಲದಲ್ಲಿಯೇ ಬೇಯುತ್ತಾನೆ. ತನ್ನ ಒಳಗುದಿಯನ್ನು ಗೆಳೆಯ ಬಾಳ್ಯಾನ ಮುಂದೆ ತೋಡಿಕೊಳ್ಳುತ್ತಾನೆ. ಕೊನೆಗೆ ಗೆಳೆಯನ ದ್ರೋಹದಿಂದ ಕೊಲೆಯಾಗುತ್ತಾನೆ. ಸಂಗ್ಯಾನ ತಪ್ಪನ್ನು ಆಟವು ಮುಚ್ಚಿಡುವುದಿಲ್ಲ. ಆದರೂ ಅವನ ಸಂಕಟವನ್ನು ರಾತ್ರಿಯಿಡೀ ಹಾಡಿ ತೋರಿಸುತ್ತದೆ. ತಪ್ಪನ್ನು ತಪ್ಪೆಂದೇ ಹೇಳುತ್ತ, ತಪ್ಪಿದವನ ಸಂಕಟಕ್ಕೂ ಕಿವಿಗೊಡುವ ಈ ನ್ಯಾಯವನ್ನು ಮುಂದಿನ ಚರ್ಚೆಯಲ್ಲಿ ನೆನಪಿಡಬೇಕು.

ಪಾನದ ಬಗೆಗಿನ ದೇಸಿ ನಿಲುವುಗಳು

ಜನಪದರು ಪಾನವನ್ನು ಒಂದೇ ದೃಷ್ಟಿಯಿಂದ ಕಂಡವರಲ್ಲ. ಕೆಲವು ಗ್ರಾಮದೇವತೆಗಳ ಆರಾಧನೆಯಲ್ಲಿ ಹೆಂಡವು ನೈವೇದ್ಯವಾಗಿತ್ತು. ಕೆಲವು ಅವಧೂತ ಹಾಗೂ ಆರೂಢ ಪರಂಪರೆಗಳಲ್ಲಿ ಚಿಲುಮೆಯು ಸಾಧಕರ ಕೈಯಲ್ಲಿತ್ತು. ಶಿಶುನಾಳ ಶರೀಫರು (1819–1889) ಗುಡಗುಡಿ ಸೇದುವ ಕ್ರಿಯೆಯನ್ನೇ ಯೋಗದ ರೂಪಕವಾಗಿಸಿಕೊಂಡು ತತ್ವಪದ ಕಟ್ಟಿದರು. 12ನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನು ‘ಧರ್ಮೇಶ್ವರಲಿಂಗ’ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದನು. ಹೆಂಡ ಮಾರುವ ಕಾಯಕದ ಪರಿಭಾಷೆಯಲ್ಲಿಯೇ ಅರಿವು ಮರವೆಗಳನ್ನು ನುಡಿದ ಈ ಶರಣನನ್ನು ಕಲ್ಯಾಣದ ಸಮಾಜವು ಹೊರಗಿಡಲಿಲ್ಲ.

ಈ ಉದಾಹರಣೆಗಳು ಪಾನವನ್ನು ಸಮರ್ಥಿಸುತ್ತವೆಯೆಂದು ಭಾವಿಸಬೇಕಾಗಿಲ್ಲ. ಇವುಗಳಲ್ಲಿ ಕಾಣುವುದು ಒಂದು ಮಿತಿ ಮತ್ತು ಒಂದು ಸಂದರ್ಭ. ಜಾತ್ರೆಯ ದಿನ, ದೇವಿಯ ಗುಡಿ, ಗುರುವಿನ ಸಾನ್ನಿಧ್ಯಗಳು ಆ ಮಿತಿಯನ್ನು ನಿರ್ಧರಿಸುತ್ತಿದ್ದವು. ಮಿತಿ ಮೀರಿದವನನ್ನು ಎಚ್ಚರಿಸಲು ಊರ ಹಿರಿಯರಿದ್ದರು. ದಿನವೂ ಬಾಗಿಲು ತೆರೆದಿರುವ ಪರವಾನಗಿಯ ಅಂಗಡಿಯು ಊರಿಗೆ ಬಂದ ಮೇಲೆ ಈ ಮಿತಿಯು ಸಡಿಲವಾಯಿತು.

ಅಬಕಾರಿ ಮತ್ತು ಸರಕಾರದ ಎರಡು ಕೈಗಳು

1878ರ ಮುಂಬಯಿ ಅಬಕಾರಿ ಕಾಯಿದೆಯು ಮದ್ಯದ ತಯಾರಿಕೆ ಮತ್ತು ಮಾರಾಟವನ್ನು ಸರಕಾರದ ಹಿಡಿತಕ್ಕೆ ತಂದಿತು. ಅಮಲಿನ ಗಿಡಮೂಲಿಕೆಗಳ ಮಾರಾಟವೂ ಪರವಾನಗಿಗೆ ಒಳಪಟ್ಟಿತು. ಅಂಗಡಿಗಳ ಲಿಲಾವು ನಡೆಯತೊಡಗಿತು. ಲಿಲಾವಿನಲ್ಲಿ ಹೆಚ್ಚು ಹಣ ತೆತ್ತವನು ಹೆಚ್ಚು ಮಾರಿಯೇ ಅದನ್ನು ಮರಳಿ ಪಡೆಯಬೇಕಾಗಿತ್ತು. ಹೀಗೆ ಗಂಡಸಿನ ಕುಡಿತವು ಸರಕಾರದ ಬೊಕ್ಕಸದ ಒಂದು ಆಧಾರವಾಯಿತು.

ಸ್ವಾತಂತ್ರ್ಯ ಚಳವಳಿಯು ಈ ವ್ಯವಸ್ಥೆಯನ್ನು ಪ್ರತಿಭಟಿಸಿತು. ಶಿಂದಿಯ ಗಿಡಗಳನ್ನು ಕಡಿಯುವುದು, ಸಾರಾಯಿ ಅಂಗಡಿಗಳ ಮುಂದೆ ಪಿಕೆಟಿಂಗ್ ನಡೆಸುವುದು ಕರ್ನಾಟಕದ ಹಳ್ಳಿಗಳಲ್ಲಿಯೂ ಸತ್ಯಾಗ್ರಹದ ಭಾಗವಾದವು. ಇದೇ ಕಾಲದಲ್ಲಿ ಗಡಿಭಾಗದ ರಂಗಭೂಮಿಯೂ ಕುಡಿತವನ್ನು ವಸ್ತುವಾಗಿ ಎತ್ತಿಕೊಂಡಿತು. ರಾಮ ಗಣೇಶ ಗಡಕರಿಯವರ ಮರಾಠಿ ನಾಟಕ ‘ಏಕಚ್ ಪ್ಯಾಲಾ’ 1919ರಲ್ಲಿ ರಂಗಕ್ಕೆ ಬಂದಿತು. ಅದರ ನಾಯಕ ಸುಧಾಕರನು ಬುದ್ಧಿವಂತನಾದ ವಕೀಲ. ವೃತ್ತಿಯಲ್ಲಿ ಒದಗಿದ ಅಪಮಾನದ ಬೇಗೆಯಲ್ಲಿ ಅವನು ಮೊದಲ ಬಟ್ಟಲನ್ನು ಎತ್ತುತ್ತಾನೆ. ಚಟದ ಹಿಂದೆ ಗಾಯಗೊಂಡ ಅಭಿಮಾನವಿದೆ ಎಂಬುದನ್ನು ನಾಟಕಕಾರನು ಗುರುತಿಸಿದ್ದನು.

1949ರ ಮುಂಬಯಿ ಪಾನನಿರೋಧ ಕಾಯಿದೆಯ ಮೇರೆಗೆ 1950ರಲ್ಲಿ ಇಡೀ ಮುಂಬಯಿ ರಾಜ್ಯದಲ್ಲಿ ಪಾನನಿರೋಧ ಜಾರಿಗೆ ಬಂದಿತು. ಬೆಳಗಾವಿ ಜಿಲ್ಲೆಯೂ ಅದಕ್ಕೆ ಒಳಪಟ್ಟಿತು. 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಪಾನನಿರೋಧವು ಮುಂದುವರಿದು, 1967ರಲ್ಲಿ ತೆರವಾಯಿತು. ಆ ಅವಧಿಯ ಬಗ್ಗೆ ಹಿರಿಯರಲ್ಲಿ ಎರಡು ಬಗೆಯ ನೆನಪುಗಳಿವೆ. ಮನೆಯಲ್ಲಿ ಜಗಳ ಕಡಿಮೆಯಾಗಿ ಕೈಯಲ್ಲಿ ನಾಲ್ಕು ಕಾಸು ಉಳಿಯಿತೆಂದು ಕೆಲವರು ಹೇಳುತ್ತಿದ್ದರು. ಹಳ್ಳದ ದಂಡೆಯಲ್ಲಿ ಕಳ್ಳಭಟ್ಟಿಗಳು ಎದ್ದವು, ಕುಡಿಯುವವರಿಗೆ ಪೊಲೀಸರ ಭಯವೊಂದು ಹೆಚ್ಚಾಯಿತು ಎಂದು ಇನ್ನು ಕೆಲವರು ಹೇಳುತ್ತಿದ್ದರು.

ಮುಂದೆ ಪರವಾನಗಿಯ ಸಾರಾಯಿಯು ಹಳ್ಳಿಹಳ್ಳಿಗೆ ಬಂದಿತು. ಪ್ಯಾಕೆಟ್ ಸಾರಾಯಿಯು ಕೂಲಿಕಾರರ ಸಂಜೆಯನ್ನು ಆಕ್ರಮಿಸಿತು. ಹೆಂಗಸರ ದೀರ್ಘ ಹೋರಾಟದ ಹಿನ್ನೆಲೆಯಲ್ಲಿ 2007ರ ಜುಲೈ 1ರಿಂದ ಕರ್ನಾಟಕ ಸರಕಾರವು ಸಾರಾಯಿಯನ್ನು ನಿಷೇಧಿಸಿತು. ಆದರೆ ಇತರ ಮದ್ಯದ ಸಗಟು ವಿತರಣೆಗಾಗಿ ಸರಕಾರವೇ 2003ರಲ್ಲಿ ಒಂದು ನಿಗಮವನ್ನು ಸ್ಥಾಪಿಸಿತ್ತು. ಸಾರಾಯಿ ಬಿಟ್ಟವರಲ್ಲಿ ಬಹಳ ಮಂದಿ ಅಗ್ಗದ ಬಾಟಲಿಗೆ ಹೊರಳಿದರು. ಸಂಪೂರ್ಣ ಮದ್ಯನಿಷೇಧಕ್ಕೆ ಒತ್ತಾಯಿಸಿ 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದರು. ಒಂದು ಕೈಯಿಂದ ಮಾರುವುದು, ಇನ್ನೊಂದು ಕೈಯಿಂದ ತಡೆಯುವುದು ಎಂಬ ನೀತಿಯು ಅಬಕಾರಿಯ ಕಾಲದಿಂದಲೂ ಬದಲಾಗದೆ ಸಾಗಿಬಂದಿದೆ. ಕುಡಿಯುವವನು ಏಕೆ ಕುಡಿಯುತ್ತಾನೆ ಎಂಬ ಪ್ರಶ್ನೆಗೆ ಈ ಎರಡೂ ಕೈಗಳಲ್ಲಿ ಸ್ಥಾನವಿರಲಿಲ್ಲ.

ಧಾರವಾಡದ ಆಸ್ಪತ್ರೆ ಮತ್ತು ‘ಕಾರಣ’ದ ಅಂಕಣ

ಈ ಪ್ರಶ್ನೆಯನ್ನು ಎದುರಿಸಬೇಕಾಗಿದ್ದ ಇನ್ನೊಂದು ಸಂಸ್ಥೆಯೆಂದರೆ ಮಾನಸಿಕ ಆಸ್ಪತ್ರೆ. ಧಾರವಾಡದಲ್ಲಿ 1845ರಲ್ಲಿ ಹುಚ್ಚಾಸ್ಪತ್ರೆಯು ಸ್ಥಾಪನೆಯಾಯಿತು. ಅದೇ ಮುಂದೆ ಬೆಳೆದು ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿ, ‘ಡಿಮ್ಹಾನ್ಸ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಮುರಗೋಡ ಸೀಮೆಯ ಜನರಿಗೆ ತಲೆಮಾರುಗಳಿಂದ ಹತ್ತಿರದ ಮಾನಸಿಕ ಆಸ್ಪತ್ರೆಯೆಂದರೆ ಇದೇ. ಸಿಟ್ಟಿನಲ್ಲಿ ‘ನಿನ್ನ ಧಾರವಾಡಕ್ಕ ಕಳಸಬೇಕು’ ಎನ್ನುವ ಬೈಗುಳವು ಈ ಭಾಗದಲ್ಲಿ ಹುಟ್ಟಿದ್ದರ ಹಿನ್ನೆಲೆಯೂ ಇದೇ. ಊರಿನ ಹೆಸರೇ ಬೈಗುಳವಾದಲ್ಲಿ ನೊಂದವನು ತಾನಾಗಿ ಆ ಬಾಗಿಲಿಗೆ ಹೋಗುವುದು ಎಷ್ಟು ಕಷ್ಟವೆಂಬುದನ್ನು ಊಹಿಸಬಹುದು.

1858ರ ಕಾಯಿದೆಯ ಪ್ರಕಾರ ಅಲೆದಾಡುವ ‘ಹುಚ್ಚ’ರನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಆಸ್ಪತ್ರೆಗೆ ಕಳಿಸುತ್ತಿದ್ದರು. ಜೊತೆಗೆ ಹೋಗುವ ವಿವರಪತ್ರದಲ್ಲಿ ಹುಚ್ಚಿನ ಕಾರಣವನ್ನು ಬರೆಯುವ ಅಂಕಣವಿರುತ್ತಿತ್ತು. ಈ ಅಂಕಣದ ಕಥೆ ಕುತೂಹಲಕರವಾಗಿದೆ. 1893ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಎದ್ದ ಪ್ರಶ್ನೆಯ ಪರಿಣಾಮವಾಗಿ ಭಾರತ ಸರಕಾರವು ಗಾಂಜಾ, ಭಂಗಿ, ಚರಸಗಳ ಕುರಿತು ಒಂದು ಆಯೋಗವನ್ನು ನೇಮಿಸಿತು. 1,193 ಸಾಕ್ಷಿಗಳನ್ನು ವಿಚಾರಿಸಿದ ಈ ಆಯೋಗವು 1894ರಲ್ಲಿ ವರದಿ ನೀಡಿತು. ಗಾಂಜಾ ಸೇದಿದ್ದರಿಂದಲೇ ಹುಚ್ಚು ಹಿಡಿಯುತ್ತದೆ ಎಂಬ ಆಗಿನ ನಂಬಿಕೆಗೆ ಹುಚ್ಚಾಸ್ಪತ್ರೆಗಳ ಅಂಕಿಸಂಖ್ಯೆಗಳೇ ಆಧಾರವಾಗಿದ್ದವು. ಆಯೋಗವು 1892ರಲ್ಲಿ ದಾಖಲಾದವರ ಕಾಗದಗಳನ್ನು ತೆಗೆಸಿ, ಒಬ್ಬೊಬ್ಬರ ಬಗ್ಗೆಯೂ ಅವರವರ ಊರಿನಲ್ಲಿ ಮರುವಿಚಾರಣೆ ನಡೆಸಿತು. ಗಾಂಜಾವೇ ಕಾರಣವೆಂದು ಬರೆಯಲಾಗಿದ್ದ 222 ಪ್ರಕರಣಗಳಲ್ಲಿ 98ಕ್ಕೆ ಮಾತ್ರ ಆ ಸಂಬಂಧವನ್ನು ಒಪ್ಪಬಹುದೆಂದು ಕಂಡುಬಂದಿತು. ಉಳಿದ ಕಡೆಗಳಲ್ಲಿ ಅಂಕಣವನ್ನು ಖಾಲಿ ಬಿಡಬಾರದೆಂಬ ಒತ್ತಡಕ್ಕೆ, ವಿಚಾರಣೆಯಿಲ್ಲದೆಯೇ, ಪೊಲೀಸರೂ ಅಧಿಕಾರಿಗಳೂ ‘ಗಾಂಜಾ’ ಎಂದು ಬರೆದುಬಿಟ್ಟಿದ್ದರು.

ಗಾಂಜಾವು ನಿರಪಾಯಕಾರಿಯೆಂದು ಇದರಿಂದ ತಿಳಿಯಬಾರದು. ಎಳೆಯ ವಯಸ್ಸಿನಲ್ಲಿ ಹೆಚ್ಚಾಗಿ ಸೇದುವವರಿಗೆ ಚಿತ್ತವಿಕಾರದ ಅಪಾಯವಿದೆ ಎಂದು ಇಂದಿನ ವೈದ್ಯಶಾಸ್ತ್ರವು ಸ್ಪಷ್ಟವಾಗಿ ಹೇಳುತ್ತದೆ. ಇಲ್ಲಿ ಗಮನಿಸಬೇಕಾದುದು ಬರೆಯುವ ಕೈಯ ಆತುರವನ್ನು. ಹಸಿವು, ಕ್ಷಾಮ, ಮಕ್ಕಳ ಸಾವು, ಹೊಲದ ಹರಾಜು ಎಂಬ ಉತ್ತರಗಳಿಗೆ ವಿಚಾರಣೆ ಬೇಕಾಗುತ್ತದೆ. ಒಂದು ಚಟದ ಹೆಸರನ್ನು ಬರೆದರೆ ವಿಚಾರಣೆ ಅಲ್ಲಿಗೇ ಮುಗಿಯುತ್ತದೆ. ದೋಷವು ನೊಂದವನ ಮೇಲೆಯೇ ಬೀಳುತ್ತದೆ.

ನೂರು ವರ್ಷಗಳ ತರುವಾಯ ಇದೇ ಅಂಕಣವು ಬೇರೆ ರೂಪದಲ್ಲಿ ಮರಳಿತು. 1990ರ ದಶಕದ ಕೊನೆಯಿಂದ ಉತ್ತರ ಕರ್ನಾಟಕದಲ್ಲಿ ರೈತರ ಆತ್ಮಹತ್ಯೆಗಳು ಹೆಚ್ಚಿದಾಗ ಸರಕಾರವು ಡಾ. ಜಿ.ಕೆ. ವೀರೇಶ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. 2002ರಲ್ಲಿ ಬಂದ ಅದರ ವರದಿಯು ಕುಡಿತ, ಜೂಜುಗಳನ್ನು ಮುಖ್ಯ ಕಾರಣಗಳ ಸಾಲಿನಲ್ಲಿ ಇಟ್ಟಿತು. ಸಾಲದ ಪಾತ್ರವನ್ನು ಕಿರಿದಾಗಿ ಕಂಡಿತು. ರೈತ ಸಂಘಟನೆಗಳೂ ಅರ್ಥಶಾಸ್ತ್ರಜ್ಞರೂ ಇದನ್ನು ತೀವ್ರವಾಗಿ ವಿಮರ್ಶಿಸಿದರು. ಕುಡಿತವು ಸಾವಿಗೆ ನೂಕಿತೇ, ಸಾವಿನತ್ತ ನೂಕಿದ ಸಂಕಟವೇ ಮೊದಲು ಕುಡಿತಕ್ಕೂ ನೂಕಿತೇ ಎಂಬುದು ಆ ವಿಮರ್ಶೆಯ ತಿರುಳು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ಪ್ರತಿ ನೂರಕ್ಕೆ ಸುಮಾರು 72 ಮಂದಿ ಗಂಡಸರು. ಕೇಂದ್ರ ಸರಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆಯು ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಮದ್ಯ ಸೇವಿಸುವವರು ಗಂಡಸರಲ್ಲಿ ಶೇ. 27.3, ಹೆಂಗಸರಲ್ಲಿ ಶೇ. 1.6. ಮದ್ಯಕ್ಕೆ ಅಧೀನರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿದೆ. ದುಃಖ ಮತ್ತು ಚಟ ಎರಡೂ ಗಂಡಸಿನ ಪಾಲಿಗೆ ಹೆಚ್ಚಾಗಿ ಬಂದಿರುವುದನ್ನು, ನೆರವು ಕಡಿಮೆ ಸಿಕ್ಕಿರುವುದನ್ನು ಈ ಅಂಕಿಗಳು ತೋರಿಸುತ್ತವೆ.

ಮಹಾಂತ ಜೋಳಿಗೆ

ಅಬಕಾರಿ ಮತ್ತು ಆಸ್ಪತ್ರೆಗಳು ಕೇಳದೆ ಬಿಟ್ಟ ಮಾತನ್ನು ಕೇಳುವ ಪ್ರಯತ್ನವು ಈ ಭಾಗದಲ್ಲಿ ಮಠದ ಕಡೆಯಿಂದ ಬಂದಿತು. ಮುರಗೋಡದ ಮೂಡಣಕ್ಕೆ, ಮಲಪ್ರಭೆಯ ಕೆಳದಂಡೆಯ ಸೀಮೆಯಾಚೆ ಇರುವ ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು (1930–2018) 1975ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಆರಂಭಿಸಿದರು. ಊರೂರಿಗೆ, ಓಣಿಓಣಿಗೆ, ಅದರಲ್ಲಿಯೂ ದಲಿತರ ಮತ್ತು ದುಡಿಯುವವರ ಕೇರಿಗಳಿಗೆ ಕಾಲ್ನಡಿಗೆಯಿಂದ ಹೋಗಿ, ಮನೆಯ ಮುಂದೆ ನಿಂತು ಜೋಳಿಗೆಯೊಡ್ಡಿ ಅವರು ಬೇಡಿದ್ದು ಧಾನ್ಯವನ್ನಲ್ಲ, ದುಡ್ಡನ್ನಲ್ಲ. ನಿಮ್ಮ ದುಶ್ಚಟಗಳನ್ನು ನಮ್ಮ ಜೋಳಿಗೆಗೆ ಹಾಕಿರಿ ಎಂದು ಬೇಡಿದರು. ಬೀಡಿಯ ಕಟ್ಟು, ತಂಬಾಕಿನ ಚೀಲ, ಗುಟ್ಕಾದ ಪೊಟ್ಟಣಗಳು ಜೋಳಿಗೆಗೆ ಬಿದ್ದವು. ಕುಡಿತವನ್ನು ಬಿಡುವವನು ಜನರೆದುರಿಗೆ ಪ್ರತಿಜ್ಞೆ ಮಾಡುತ್ತಿದ್ದನು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವೆಂದು ಘೋಷಿಸಿದೆ.

ಜಾನಪದದ ದೃಷ್ಟಿಯಿಂದ ಈ ಆಚರಣೆಯ ರಚನೆಯನ್ನು ಪರಿಶೀಲಿಸಬಹುದು. ಜಂಗಮನು ಜೋಳಿಗೆ ಹಿಡಿದು ಭಿಕ್ಷೆಗೆ ಬರುವುದು ಈ ನಾಡಿನ ಪ್ರತಿಯೊಬ್ಬರಿಗೂ ಪರಿಚಿತವಾದ ದೃಶ್ಯ. ಭಿಕ್ಷೆ ನೀಡುವವನು ಎಷ್ಟೇ ಬಡವನಾದರೂ ಆ ಗಳಿಗೆಯಲ್ಲಿ ಅವನು ದಾನಿ. ಊರೆಲ್ಲ ‘ಕುಡುಕ’ ಎಂದು ಜರೆದವನ ಮನೆಯ ಮುಂದೆ ಸ್ವಾಮಿಗಳೇ ಬಂದು ಕೈಯೊಡ್ಡಿ ನಿಂತಾಗ ಅವನು ಅಪರಾಧಿಯ ಸ್ಥಾನದಿಂದ ದಾನಿಯ ಸ್ಥಾನಕ್ಕೆ ಏರುತ್ತಾನೆ. ಕಾಯಿದೆಯು ಅವನಿಂದ ಕಿತ್ತುಕೊಳ್ಳುತ್ತಿತ್ತು. ಜೋಳಿಗೆಯು ಅವನಿಂದ ಬೇಡಿ ಪಡೆಯಿತು. ಹಾಕಿದ ಭಿಕ್ಷೆಯನ್ನು ಮರಳಿ ತೆಗೆದುಕೊಳ್ಳಬಾರದೆಂಬ ಜನಪದ ಶ್ರದ್ಧೆಯು ಪ್ರತಿಜ್ಞೆಗೆ ಕಾವಲಾಯಿತು. ಈ ಆಚರಣೆ ಹೊಸದಾಗಿದ್ದರೂ ಜನರಿಗೆ ಅಪರಿಚಿತವೆನಿಸದಿದ್ದುದಕ್ಕೆ ಇದೇ ಕಾರಣ. ‘ಮಹಾಂತ’ ಎಂಬ ಹೆಸರಿನಲ್ಲಿ ಮೊದಲೇ ಭಕ್ತಿಯಿಟ್ಟಿದ್ದ ಮುರಗೋಡ ಸೀಮೆಯವರಿಗೆ ಇದು ಇನ್ನಷ್ಟು ಹತ್ತಿರದ್ದೆನಿಸಿದ್ದು ಸಹಜ.

ಆದರೆ ಈ ವಿಧಾನದ ಮಿತಿಯನ್ನೂ ಹೇಳಬೇಕು. ಬಹುಕಾಲ ಅತಿಯಾಗಿ ಕುಡಿದವನು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಕೈಕಾಲು ನಡುಕ, ನಿದ್ದೆಗೇಡು, ಸೆಳೆತ, ಇಲ್ಲದ್ದನ್ನು ಕಂಡು ಬಡಬಡಿಸುವ ಸನ್ನಿ ಕಾಣಿಸಿಕೊಳ್ಳಬಹುದು. ವೈದ್ಯರ ಔಷಧವಿಲ್ಲದಿದ್ದರೆ ಇದು ಪ್ರಾಣಕ್ಕೂ ಎರವಾಗಬಹುದು. ಹಳ್ಳಿಗಳಲ್ಲಿ ಈ ಸನ್ನಿಯನ್ನು ಗಾಳಿಸೋಂಕೆಂದು ತಿಳಿದು ಅಂತ್ರ ಕಟ್ಟಿಸಿದ್ದನ್ನು ಕ್ಷೇತ್ರಕಾರ್ಯದಲ್ಲಿ ನಾನು ಕೇಳಿದ್ದೇನೆ. ಪ್ರತಿಜ್ಞೆಯು ಬಾಗಿಲನ್ನು ತೆರೆಯುತ್ತದೆ. ಒಳಗಿನ ದಾರಿಗೆ ವೈದ್ಯನೂ ಬೇಕು, ಜೊತೆಗಾರನೂ ಬೇಕು.

ಬಿಟ್ಟ ಮೇಲಿನ ಸಂಜೆ

ಈ ಮಾತನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನನ್ನ ಸೋದರಮಾವನಿಂದ. ಅವರು ಒಳ್ಳೆಯ ಒಕ್ಕಲಿಗರು. ಭಜನೆಯಲ್ಲಿ ತಾಳ ಹಿಡಿದರೆ ಮಂದಿ ನಿಂತು ಕೇಳುತ್ತಿದ್ದರು. ಬೆನ್ನಿಗೆ ಬಿದ್ದ ತಮ್ಮ ತೀರಿಕೊಂಡ ವರ್ಷವೇ ಮಳೆಯೂ ಹೋಯಿತು. ಅವರು ಯಾರ ಮುಂದೆಯೂ ಅಳಲಿಲ್ಲ. ಕುಡಿಯತೊಡಗಿದರು. ಅತ್ತೆಯ ಮೈಮೇಲಿನ ಬಂಗಾರ ಹೋಯಿತು, ಹೊಲದಲ್ಲಿ ಅರ್ಧ ಹೋಯಿತು. ಒಮ್ಮೆ ಸ್ವಾಮಿಗಳ ಮುಂದೆ ಆಣೆ ಮಾಡಿ ಬಿಟ್ಟರು. ಎಂಟು ತಿಂಗಳಿಗೆ ಮತ್ತೆ ಹಿಡಿದರು. ಎರಡನೆಯ ಸಲವೂ ಹಾಗೆಯೇ ಆಯಿತು. ಆಣೆ ಮುರಿದವನೆಂಬ ನಾಚಿಕೆಯು ಅವರನ್ನು ಗುಡಿಯ ಕಟ್ಟೆಯಿಂದಲೂ ದೂರಮಾಡಿತು. ಅದು ಕುಡಿತವನ್ನು ಇನ್ನಷ್ಟು ಹೆಚ್ಚಿಸಿತು.

ಮೂರನೆಯ ಸಲ ಅತ್ತೆಯೇ ಅವರನ್ನು ದವಾಖಾನೆಗೆ ಕರೆದೊಯ್ದರು. ಅಲ್ಲಿ ವೈದ್ಯರು ಮೊದಲು ಕೇಳಿದ್ದು ನಿದ್ದೆಯ ಬಗ್ಗೆ, ಆಮೇಲೆ ತೀರಿಹೋದ ತಮ್ಮನ ಬಗ್ಗೆ. ಹದಿನೈದು ದಿನ ಗುಳಿಗೆ ನುಂಗಿ ಮನೆಗೆ ಬಂದ ಮೇಲೆ ಭಜನೆಯ ಮೇಳದವರು ಸಂಜೆಗೊಬ್ಬರಂತೆ ಬಂದು ಕರೆದುಕೊಂಡು ಹೋದರು. ಬಹಳ ವರ್ಷಗಳ ನಂತರ ನಾನು ಕ್ಷೇತ್ರಕಾರ್ಯದ ನೆಪದಲ್ಲಿ ವಿಚಾರಿಸಿದಾಗ ಅವರು ಹೇಳಿದ ಮಾತು ಹೀಗಿತ್ತು: ‘ಬಿಡೂದು ದೊಡ್ಡದಲ್ಲೋ ತಮ್ಮಾ, ಬಿಟ್ಟ ಮ್ಯಾಲ ಸಂಜೀಕ ಏನ ಮಾಡಬೇಕು ಅನ್ನೂದ ದೊಡ್ಡದು.’

ಈ ಮಾತಿನ ಬೆಳಕಿನಲ್ಲಿ ನೋಡಿದರೆ ಹಂತಿಯ ಕಣ, ಗರಡಿಮನೆ, ಭಜನೆಯ ಗುಡಿಗಳು ಕ್ಷೀಣಿಸಿದ್ದರ ಬೆಲೆಯು ಅರ್ಥವಾಗುತ್ತದೆ. ಒಕ್ಕಣೆಯ ಯಂತ್ರ ಬಂದ ಮೇಲೆ ಕಣವೇ ಇಲ್ಲವಾಯಿತು. ಕಣದ ಜೊತೆಗೆ ಹಾಡುವ ರಾತ್ರಿಯೂ ಹೋಯಿತು. ಖಾಲಿಯಾದ ಸಂಜೆಗಳನ್ನು ಅಂಗಡಿಯು ತುಂಬಿತು. ಚಟ ಬಿಡಿಸುವ ಯಶಸ್ವೀ ಪ್ರಯೋಗಗಳೆಲ್ಲ ಈ ಸಂಜೆಯನ್ನು ಮರಳಿ ಕಟ್ಟಿಕೊಡಲು ಯತ್ನಿಸಿವೆ ಎಂಬುದು ಗಮನಾರ್ಹ. 1935ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಊರಿನಲ್ಲಿ ಒಬ್ಬ ಷೇರು ದಲ್ಲಾಳಿ ಮತ್ತು ಒಬ್ಬ ವೈದ್ಯ, ಇಬ್ಬರೂ ಕುಡಿತದಿಂದ ಬಳಲಿದವರು, ಎದುರುಬದುರು ಕುಳಿತು ಮಾತನಾಡಿದ್ದರಿಂದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಲೋಕವ್ಯಾಪಿ ಕೂಟವು ಹುಟ್ಟಿತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಹಾಗೂ ಜನಜಾಗೃತಿ ವೇದಿಕೆಗಳು ಕರ್ನಾಟಕದ ಹಳ್ಳಿಗಳಲ್ಲಿ ನಡೆಸಿಕೊಂಡು ಬಂದಿರುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳಲ್ಲಿ ಔಷಧೋಪಚಾರದ ಜೊತೆಗೆ ಭಜನೆಯೂ ಕುಟುಂಬದವರ ಪಾಲ್ಗೊಳ್ಳುವಿಕೆಯೂ ಇರುತ್ತವೆ. ಶಿಬಿರ ಮುಗಿದ ಮೇಲೆ ‘ನವಜೀವನ ಸಮಿತಿ’ಗಳು ಬಿಟ್ಟವರನ್ನು ಒಟ್ಟಿಗೆ ಕೂಡಿಸುತ್ತವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರವು ಮರಳಿ ಬೀಳುವುದನ್ನು ಕಾಯಿಲೆಯ ಸಹಜ ಹಂತವೆಂದೇ ಪರಿಗಣಿಸುತ್ತದೆ. ನನ್ನ ಸೋದರಮಾವನಿಗೆ ಈ ಮಾತನ್ನು ಮೊದಲನೆಯ ಸಲವೇ ಯಾರಾದರೂ ಹೇಳಿದ್ದರೆ ನಡುವಿನ ಕೆಲವು ವರ್ಷಗಳು ಉಳಿಯುತ್ತಿದ್ದವು.

ಕಾನೂನು ಕೂಡ ನಿಧಾನವಾಗಿ ಈ ದಿಕ್ಕಿಗೆ ತಿರುಗಿದೆ. ಮಾದಕ ವಸ್ತುಗಳ ನಿಗ್ರಹಕ್ಕೆ 1985ರಲ್ಲಿ ಬಂದ ಕಠಿಣ ಕಾಯಿದೆಯಲ್ಲಿಯೂ, ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ ವಿಚಾರಣೆಯಿಂದ ರಕ್ಷಣೆ ನೀಡುವ ಅವಕಾಶವಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮದ್ಯ ಹಾಗೂ ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನು ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯೊಳಗೆ ತಂದಿತು. ಆತ್ಮಹತ್ಯೆಗೆ ಯತ್ನಿಸಿದವನನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವನೆಂದು ಭಾವಿಸಿ ಶಿಕ್ಷೆಯಿಂದ ಪಾರುಮಾಡಿತು. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸಹಾಯವಾಣಿಯು 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ದೊರೆಯುತ್ತಿದೆ. ಧಾರವಾಡದ ಹೆಸರಿಗೆ ಅಂಜುವವನು ಮನೆಯಲ್ಲಿಯೇ ಕುಳಿತು ಮಾತನಾಡಬಹುದು.

ಸಮಾರೋಪ

ಈ ಅವಲೋಕನದಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಮುರಗೋಡ ಸೀಮೆಯ ಜನಪದ ಸಂಸ್ಕೃತಿಯಲ್ಲಿ ಗಂಡಸಿನ ದುಃಖಕ್ಕೆ ಕೂಟದ ಮೂಲಕ ನೆಲೆಯಿತ್ತು. ಆ ಕೂಟಗಳು ಕ್ಷೀಣಿಸಿದಂತೆ ಚಟವು ಆ ಸ್ಥಾನವನ್ನು ಆಕ್ರಮಿಸಿತು. ಎರಡನೆಯದಾಗಿ, ಅಬಕಾರಿ, ಪೊಲೀಸು, ಹುಚ್ಚಾಸ್ಪತ್ರೆ, ಸಮಿತಿಗಳ ದಾಖಲೆಗಳು ಚಟವನ್ನು ಮತ್ತೆ ಮತ್ತೆ ಕಾರಣದ ಅಂಕಣದಲ್ಲಿ ಬರೆದು, ಅದರ ಹಿಂದಿನ ಕಾರಣವನ್ನು ವಿಚಾರಿಸದೆ ಬಿಟ್ಟವು. ಮೂರನೆಯದಾಗಿ, ಮಹಾಂತ ಜೋಳಿಗೆಯಂಥ ಪ್ರಯತ್ನವು ವ್ಯಸನಿಗೆ ಮರ್ಯಾದೆಯನ್ನು ಮರಳಿಸುವ ಮೂಲಕ ಬಿಡುಗಡೆಯನ್ನು ಆರಂಭಿಸಿತು. ಅದು ಪೂರ್ಣವಾಗಲು ವೈದ್ಯಕೀಯ ನೆರವೂ ದೀರ್ಘಕಾಲದ ಒಡನಾಟವೂ ಅಗತ್ಯವಾಗಿವೆ.

ಇದರಿಂದ ಕುಡುಕನ ಮನೆಯಲ್ಲಿ ಹೆಂಡತಿ ಮಕ್ಕಳು ಉಂಡ ನೋವು ಕಡಿಮೆಯಾಗುವುದಿಲ್ಲ. ಬೀಸುವ ಪದಗಳಲ್ಲಿ ಅದಕ್ಕೆ ಸಾಕಷ್ಟು ಸಾಕ್ಷ್ಯವಿದೆ. ಗಂಡಸಿನ ದುಃಖಕ್ಕೆ ಮಾತು ಸಿಕ್ಕರೆ ಆ ನೋವೂ ಕಡಿಮೆಯಾದೀತು ಎಂಬುದಷ್ಟೇ ಇಲ್ಲಿಯ ಆಶಯ. ಜಾನಪದ ಸಂಶೋಧಕರಾದ ನಾವು ಹಂತಿಯ ಪದಗಳನ್ನು ಧ್ವನಿಮುದ್ರಿಸಿ ಕಪಾಟಿನಲ್ಲಿ ಇಟ್ಟಿದ್ದೇವೆ. ಹಾಡುತ್ತಿದ್ದವರು ಹಾಡು ನಿಂತ ಮೇಲೆ ಸಂಜೆಗಳನ್ನು ಹೇಗೆ ಕಳೆದರು ಎಂದು ಕೇಳಿದವರು ವಿರಳ. ಇನ್ನು ಮುಂದಿನ ಕ್ಷೇತ್ರಕಾರ್ಯದ ಪ್ರಶ್ನಾವಳಿಯಲ್ಲಿ ಆ ಪ್ರಶ್ನೆಯೂ ಸೇರಬೇಕು. ನನ್ನ ಸೋದರಮಾವ ತೀರಿಕೊಂಡಾಗ ಭಜನೆಯ ಮೇಳದವರು ರಾತ್ರಿಯಿಡೀ ಹಾಡಿದರು. ಅವರ ತಾಳವು ಈಗ ಆ ಗುಡಿಯಲ್ಲಿಯೇ ಇದೆ. ಸಂಜೆಗೆ ಯಾರಾದರೂ ಅದನ್ನು ಹಿಡಿಯುತ್ತಾರೆ.